ಹೊನ್ನೇಶನ ಎಡೆ

ಬೀರೂರು ಬಸ್ ಸ್ಟ್ಯಾಂಡಿನಲ್ಲಿ ಯಗಟಿ ಬಸ್ಸಿನಿಂದ ನಮ್ಮವ್ವ ಇಳಿದ ರೀತಿ ನೋಡಿಯೇ ನನಗೆ ಅವತ್ತು ತಲೆ ಕೆಟ್ಟಿತು. ಒಂದು ಕೈಯಲ್ಲಿ ಊಟದ ಕ್ಯಾರಿಯರ್, ಕಂಕುಳಲ್ಲಿ ಚೀಲ. ಹಿಂದೆ ಇಳಿಯಬೇಕಾದ ಜನವೆಲ್ಲ ಬಾಗಿಲಲ್ಲಿ ಒತ್ತಿಕೊಂಡು ನಿಂತಿದ್ದರೆ, ಈಕೆ ಕೊನೆಯ ಮೆಟ್ಟಿಲ ಮೇಲೆ ನಿಂತು ಕಂಡಕ್ಟರನಿಗೆ ಅವನ ಮಗಳ ಬಾಣಂತನದ ಸಮಾಚಾರ ಕೇಳುತ್ತಿದ್ದಾಳೆ.

"ಇಳಿಯವ್ವ, ಜನ ಬಯ್ತಾವ್ರೆ!" ಎಂದು ಕೂಗಿದೆ.

"ಬಯ್ಕೊಳ್ಳಿ ಬಿಡು. ಸಾರು ಚೆಲ್ಲೋದ್ರೆ ಅವ್ರು ಮಾಡ್ಕೊಡ್ತಾರಾ?"

ಇಳಿದ ಮೇಲೆ ಚೀಲ ಇಸಿದುಕೊಂಡು ನೋಡಿದೆ. ಒಂದು ಬಾಟಲಿ ನೀರು, ಒಂದು ಟವೆಲು, ಎಲೆ ಅಡಿಕೆ ಚೀಲ. ಅಷ್ಟೇ.

"ಬಾಳೆ ಎಲೆ ಎಲ್ಲವ್ವ? ಊದುಬತ್ತಿ? ಕರ್ಪೂರ?"

"ಮರ್ತೋಯ್ತು ಕಣೇ."

ಮರೆತು ಹೋಯಿತಂತೆ! ವಾರದಿಂದ ದಿನಾ ಫೋನು ಮಾಡಿ, ಗಿಣಿಗೆ ಹೇಳಿದಂತೆ ಹೇಳಿದ್ದೇನೆ. ಎಡೆ ಇಡಲು ಹೊರಟವಳು ಎಲೆಯನ್ನೇ ಮರೆಯುತ್ತಾಳೆ ಎಂದರೆ ಏನು ಹೇಳುವುದು? ಅಲ್ಲೇ ಹೂವಿನಂಗಡಿಯಲ್ಲಿ ಎಲ್ಲವನ್ನೂ ಕೊಂಡೆ. ಅವ್ವ ಪಕ್ಕದಲ್ಲಿ ನಿಂತು, "ಯಾಕ್ ಸುಮ್ನೆ ತಗೋತೀಯ" ಎಂದು ಗೊಣಗುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಗುರುಮೂರ್ತಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇರಲಿ. ಬೀರೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ದಸರಾ ಹತ್ತಿರ ಬಂದಿದೆ, ಕತ್ತರಿಸಿಟ್ಟ ಬಟ್ಟೆ ಗುಡ್ಡೆ ಬಿದ್ದಿದೆ, ಅದನ್ನೆಲ್ಲ ಬಿಟ್ಟು ಬಂದಿದ್ದೇನೆ. ಸಿಟ್ಟು ಬರದೆ ಇನ್ನೇನು ಬರುತ್ತದೆ?

ನಾನು ಬಂದದ್ದು ಹೊನ್ನೇಶನಿಗಾಗಿ. ಹೊನ್ನೇಶ ನನ್ನ ತಮ್ಮ. ಸೈನ್ಯಕ್ಕೆ ಸೇರಿದ್ದ. ಉತ್ತರದ ಗಡಿಯಲ್ಲಿ ಪಹರೆಗಿದ್ದಾಗ ಬೆಟ್ಟದ ಹಿಮ ಕುಸಿದು ಅವರ ಡೇರೆಯ ಮೇಲೆ ಬಿತ್ತು. ಆಗ ಅವನಿಗೆ ಇಪ್ಪತ್ತೆರಡು ವಯಸ್ಸು. ಜೊತೆಯಲ್ಲಿದ್ದ ಕೆಲವರ ದೇಹ ಸಿಕ್ಕಿತು, ಇವನದು ಸಿಗಲೇ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಅವನ ಟ್ರಂಕನ್ನೂ ಮಡಿಸಿದ ಬಾವುಟವನ್ನೂ ತಂದು ಅವ್ವನ ಕೈಗೆ ಕೊಟ್ಟು ಸೆಲ್ಯೂಟ್ ಹೊಡೆದು ಹೋದರು. ಅದಾಗಿ ಹದಿಮೂರು ವರ್ಷವಾಯಿತು.

ಪಿತೃಪಕ್ಷದಲ್ಲಿ ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಲ್ಲುತ್ತೇವೆ, ಅವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಒಳಗೆ ಹೋಗಿ ಮನೆಮಂದಿಯೆಲ್ಲ ಅಡ್ಡಬೀಳುತ್ತೇವೆ. ನಮ್ಮಪ್ಪ ಗಿಡ್ಡಪ್ಪನಿಗೆ ಎಲೆ ಬೀಳುತ್ತದೆ. ತಾತನಿಗೆ, ಅಜ್ಜಿಗೆ, ಮದುವೆಯಾಗದೆ ಸತ್ತ ಚಿಕ್ಕಪ್ಪನಿಗೂ ಬೀಳುತ್ತದೆ. ಹೊನ್ನೇಶನಿಗೆ ಮಾತ್ರ ಇಲ್ಲ. ಮೊದಲ ವರ್ಷ ಅವ್ವ, "ಮೈ ನೋಡ್ದಲೆ ಎಡೆ ಇಡಲ್ಲ" ಎಂದಳು. ಆಮೇಲೆ, "ಅವನ ಸಮಾಧಿ ಎಲ್ಲೈತೆ ತೋರ್ಸು, ಇಡ್ತೀನಿ" ಎಂದು ಶುರು ಮಾಡಿದಳು. ಮಗ ಇನ್ನೂ ಬರುತ್ತಾನೆ ಎಂದು ಉಚ್ಚಂಗಮ್ಮ ಕಾಯುತ್ತಿದ್ದಾಳೆ ಎಂದು ಊರವರು ಮಾತಾಡಿಕೊಂಡರು. ನಾನೂ ಹಾಗೆಯೇ ತಿಳಿದಿದ್ದೆ.

ಎಡೆ ಕಾಣದ ಜೀವ ಹಬ್ಬದ ದಿನ ಬಾಗಿಲಾಚೆ ಹಸಿದು ನಿಂತಿರುತ್ತದೆ ಎಂದು ನಮ್ಮ ದೊಡ್ಡಮ್ಮ ಪ್ರೇಮಮ್ಮ ಹೇಳುತ್ತಾಳೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಇದನ್ನೆಲ್ಲ ನಂಬಬಾರದು. ಆದರೂ ಪ್ರತಿ ವರ್ಷ ಬಾಗಿಲು ಮುಂದೆ ಮಾಡಿ ಹೊರಗೆ ನಿಂತಾಗ, ನಮ್ಮ ಪಕ್ಕದಲ್ಲೇ ಅವನೂ ನಿಂತಿದ್ದಾನೆ, ಒಳಗೆ ಹೋಗಲು ಅವನಿಗೆ ಎಲೆಯಿಲ್ಲ ಅನ್ನಿಸುತ್ತಿತ್ತು. ನಾನೇ ಇಡೋಣವೆಂದರೆ ಕೊಟ್ಟ ಹೆಣ್ಣು ತವರಿನ ಎಡೆ ಇಡುವಂತಿಲ್ಲ. ಅವ್ವನೇ ಇಡಬೇಕು. ಅವ್ವ ಇಡುವುದಿಲ್ಲ. ವರ್ಷವರ್ಷವೂ ಹಬ್ಬಕ್ಕೆ ಹೋಗಿ, ಜಗಳವಾಡಿ, ಮೂಗು ಒರೆಸಿಕೊಂಡು ಬೀರೂರಿಗೆ ವಾಪಸು ಬರುತ್ತಿದ್ದೆ.

ಈ ಸಲ ನೆಪ ಹೇಳಲು ಅವಳಿಗೆ ದಾರಿಯಿರಲಿಲ್ಲ. ಅಜ್ಜಂಪುರದ ರಸ್ತೆಯಲ್ಲಿ ಒಂದು ಟ್ರಸ್ಟಿನವರು ದೇಶಕ್ಕಾಗಿ ದುಡಿದವರ ನೆನಪಿಗೆ ಎಕರೆಗಟ್ಟಲೆ ಜಾಗದಲ್ಲಿ ವೀರವನ ಎಂದು ಮಾಡಿದ್ದಾರೆ. ಪ್ರಾಣ ಕೊಟ್ಟ ಒಬ್ಬೊಬ್ಬರಿಗೂ ಒಂದೊಂದು ಕಲ್ಲು. ಹೊನ್ನೇಶನದೂ ಇದೆ. ಆ ಭಾನುವಾರ ಮನೆಯವರಿಗೆಲ್ಲ ಸನ್ಮಾನ ಇಟ್ಟುಕೊಂಡು ಕರೆದಿದ್ದರು. "ಸಮಾಧಿ ಕೇಳ್ತಿದ್ಯಲ್ಲ, ತಗೋ, ಕಲ್ಲೇ ನೆಟ್ಟವ್ರೆ. ನಾಟಿ ಕೋಳಿ ಸಾರು, ಮುದ್ದೆ ಮಾಡ್ಕೊಂಡು ಬಾ. ಅಲ್ಲೇ ಎಡೆ ಇಡೋಣ" ಎಂದಿದ್ದೆ. "ಆಯ್ತು, ಬತ್ತೀನಿ" ಎಂದಿದ್ದಳು.

ವೀರವನದ ಗೇಟಿನಲ್ಲೇ ತಡೆ. ಗಿರಿಜಾ ಮೀಸೆಯ ಗಾರ್ಡು ಕ್ಯಾರಿಯರ್ ಕಡೆ ಕೈ ತೋರಿಸಿದ.

"ಹೊರಗಿನ ಊಟ ಒಳಕ್ಕೆ ಬಿಡಲ್ಲಮ್ಮ."

"ನಾವೇನ್ ಪಿಕ್ನಿಕ್ಕಿಗೆ ಬಂದಿಲ್ಲ ಕಣ್ರೀ. ನನ್ನ ತಮ್ಮನ ಕಲ್ಲೈತೆ ಒಳಗೆ."

"ಯಾರ ಕಲ್ಲಾದ್ರೂ ಇರ್ಲಿ, ರೂಲ್ಸ್ ರೂಲ್ಸೇ. ಒಳಗೆ ಕ್ಯಾಂಟೀನ್ ಐತೆ."

ನನ್ನ ಮೈಯೆಲ್ಲ ಉರಿಯಿತು. ನಾಲ್ಕು ಮಾತು ಅನ್ನಲು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದೆ, ಅಷ್ಟರಲ್ಲಿ ಅವ್ವ ಮುಂದೆ ಬಂದು, "ಶುಗರ್ ಐತಪ್ಪಾ ನಂಗೆ. ಹೊತ್ತಿಗೆ ಸರ್ಯಾಗಿ ಉಣ್ಣದಿದ್ರೆ ಬಿದ್ದೋಯ್ತೀನಿ. ನಿಮ್ಮ ಗೇಟಲ್ಲೇ ಬಿದ್ದೋಯ್ತೀನಿ" ಎಂದಳು. ಅವ್ವನಿಗೆ ಶುಗರೂ ಇಲ್ಲ, ಬಿಪಿಯೂ ಇಲ್ಲ. ಗಾರ್ಡು ಗಾಬರಿಯಾಗಿ, ಕ್ಯಾಂಟೀನಿನಲ್ಲಿ ಮಾತ್ರ ಬಿಚ್ಚಬೇಕು ಎಂದು ಹೇಳಿ ಒಳಗೆ ಬಿಟ್ಟ.

ಒಳಗೆ ಹೋದರೆ ಅದೇನು ವೈಭವ! ಕಾರಂಜಿ, ಸಿಮೆಂಟಿನ ಟ್ಯಾಂಕು, ಟ್ಯಾಂಕಿನ ಕೊಳವೆಯ ಮೇಲೆ ಜೋಲುತ್ತಿರುವ ಮಕ್ಕಳು, ಸೆಲ್ಫಿ ತೆಗೆದುಕೊಳ್ಳಲು ಬಣ್ಣ ಬಳಿದ ಹೃದಯದ ಆಕಾರ. ಮರಮರಕ್ಕೂ ಸ್ಪೀಕರು ಕಟ್ಟಿ ದೇಶಭಕ್ತಿಯ ಹಾಡು ಹಾಕಿದ್ದರು. ಕಲ್ಲುಗಳು ಎಲ್ಲಿವೆ ಎಂದು ಕೇಳಿದರೆ ಒಬ್ಬ ಆ ಕಡೆ ಎಂದ, ಇನ್ನೊಬ್ಬ ಈ ಕಡೆ ಎಂದ. ಮೂರನೆಯವನು ತಾನೂ ಅದನ್ನೇ ಹುಡುಕುತ್ತಿದ್ದೇನೆ ಎಂದ.

ಅವ್ವನಿಗಂತೂ ಅವಸರವೇ ಇಲ್ಲ. ಗಿಡ ಕಂಡಲ್ಲೆಲ್ಲ ನಿಲ್ಲುತ್ತಾಳೆ.

"ಇದ್ಯಾವ್ ಗಿಡ ಕಣೇ? ಕಾಯಿ ಬಿಡುತ್ತಾ?"

"ಬಿಡಲ್ಲ ಕಣವ್ವ. ಶೋಕಿ ಗಿಡ."

"ಅದು?"

"ಅದೂ ಶೋಕಿ ಗಿಡವೇ."

"ಇಷ್ಟಗಲ ನೆಲ, ಇಷ್ಟು ನೀರು, ಒಂದು ಕಾಯಿಲ್ಲ ಒಂದು ಹಣ್ಣಿಲ್ಲ. ಒಂದ್ ತೆಂಗಿನ ಸಸಿನಾದ್ರೂ ಹಾಕ್ಬಾರ್ದಿತ್ತಾ?"

"ನಾನೇನ್ ಹಾಕ್ಸಿದ್ನಾ? ನಡಿಯವ್ವ ಸುಮ್ನೆ!"

ಕೊನೆಗೂ ಕಲ್ಲುಗಳ ಸಾಲು ಸಿಕ್ಕಿತು. ಕರೀ ಕಲ್ಲು, ಮೊಣಕಾಲೆತ್ತರ, ಪಾಲಿಶ್ ಮಾಡಿ ಬಿಳಿ ಅಕ್ಷರ ಕೆತ್ತಿದ್ದರು. ಅವ್ವನಿಗೆ ಓದಲು ಬರುವುದಿಲ್ಲ. ನೆಟ್ಟಗೆ ಹೊನ್ನೇಶನ ಕಲ್ಲಿಗೆ ಹೋಗೋಣವೆಂದರೆ ಕೇಳಬೇಕಲ್ಲ, ಪ್ರತಿಯೊಂದು ಕಲ್ಲನ್ನೂ ಓದಿ ಹೇಳಬೇಕಂತೆ. ಓದಿದೆ. ತರೀಕೆರೆಯವನು ಒಬ್ಬ, ಕಡೂರಿನವನು ಒಬ್ಬ, ಅಂತರಘಟ್ಟೆಯ ಹತ್ತಿರದವನು ಇನ್ನೊಬ್ಬ. ಒಂದೊಂದಕ್ಕೂ ಅವ್ವನದು ಅದೇ ಪ್ರಶ್ನೆ.

"ಇವ್ನ ತಾಯಿ ಅವ್ಳಾ?"

"ಕಲ್ಲಿನ ಮೇಲೆ ಅದನ್ನೆಲ್ಲ ಬರೀತಾರೇನವ್ವ!"

"ಬರೀಬೇಕಿತ್ತು" ಎಂದಳು ಅವ್ವ, ಆ ಕಲ್ಲಿನ ತಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ.

ಹೊನ್ನೇಶನ ಕಲ್ಲು ಸಾಲಿನ ಕೊನೆಯಲ್ಲಿತ್ತು. ಅಲ್ಲೊಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿತ್ತು. ಹುಡುಗಿಯ ಗೌನು ನನ್ನ ತಮ್ಮನ ಕಲ್ಲಿನ ಮೇಲೆ ಹರಡಿತ್ತು.

"ಆಂಟಿ, ಸ್ವಲ್ಪ ಪಕ್ಕಕ್ಕೆ ಹೋಗಿ, ಫ್ರೇಮಲ್ಲಿ ಬರ್ತಿದೀರ" ಎಂದ ಫೋಟೋದವನು.

"ಲೇ, ಸತ್ತೋರ ಕಲ್ಲು ಕಣೋ ಅದು! ನಿಂಗೆ ಬೇರೆ ಜಾಗ ಸಿಗ್ಲಿಲ್ವಾ? ಎತ್ತಮ್ಮ ಬಟ್ಟೆಯ!"

ಹುಡುಗಿ ಹೆದರಿ ಗೌನನ್ನು ಬಾಚಿಕೊಂಡಳು. ಇಷ್ಟು ಹೊತ್ತೂ ನೋಡುತ್ತಿದ್ದ ನಮ್ಮವ್ವ ಏನು ಮಾಡಬೇಕು? ಅವಳ ಗಲ್ಲ ಹಿಡಿದು, "ಯಾವಾಗಮ್ಮ ಮದ್ವೆ? ಚೆಂದಾಗಿ ಬಾಳ್ರಪ್ಪಾ" ಎಂದು ಹರಸಿ ಕಳಿಸಿದಳು. ನಾನು ಹಣೆ ಚಚ್ಚಿಕೊಂಡೆ.

ಎಲೆ ತೊಳೆಯಲು ಬಾಟಲಿ ತೆಗೆಯುವಷ್ಟರಲ್ಲಿ ಸ್ಪೀಕರಿನ ಹಾಡು ನಿಂತಿತು. ಟ್ರಸ್ಟಿನ ಬಸವರಾಜಪ್ಪನವರು ಕೈಯಲ್ಲಿ ಮೈಕು ಹಿಡಿದು, ಇಬ್ಬರು ಕ್ಯಾಮೆರಾದವರ ಜೊತೆ ಬಂದರು. ಬಿಳಿ ಶರ್ಟು, ಎದೆಯ ಮೇಲೆ ಬ್ಯಾಡ್ಜು. ಪಾಪ, ಒಳ್ಳೆಯ ಮನುಷ್ಯರೇ. ಒಂದೊಂದು ಕಲ್ಲಿನ ಮುಂದೆಯೂ ಮನೆಯವರನ್ನು ನಿಲ್ಲಿಸಿ, ಶಾಲು ಹೊದಿಸಿ, ಕೈಗೆ ಗುಲಾಬಿ ಕೊಟ್ಟು, "ಈಗ ಹೂವಿಟ್ಟು ತಲೆಬಾಗಿ ನಮಿಸಿ, ಕ್ಯಾಮೆರಾ ಕಡೆಗೆ" ಎನ್ನುತ್ತಿದ್ದರು. ಎಲ್ಲರೂ ಹಾಗೆಯೇ ಮಾಡಿದರು. ನಮ್ಮ ಸರದಿ ಬಂತು. ಅವ್ವ ಹೂವನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ನಿಂತಳು.

"ತಾಯಿ, ಸ್ವಲ್ಪ ಬಗ್ಗಿ. ಕೈ ಮುಗೀರಿ" ಎಂದರು ಬಸವರಾಜಪ್ಪ.

"ಬಗ್ಗಲ್ಲ ಕಣಪ್ಪಾ."

"ಬೆನ್ನು ನೋವಾ? ಹಂಗಾದ್ರೆ ಕೈ ಅಷ್ಟೇ ಮುಗೀರಿ ಸಾಕು."

"ಬೆನ್ನು ಚೆನ್ನಾಗೈತೆ. ಮುಗಿಯಲ್ಲ."

ಅದಷ್ಟೂ ಮೈಕಿನಲ್ಲಿ ಹೋಗಿ ತೋಟದ ತುಂಬ ಕೇಳಿಸಿತು. ಸನ್ಮಾನಕ್ಕೆಂದು ಹಾಕಿದ್ದ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹದಿಮೂರು ವರ್ಷದ್ದೆಲ್ಲ ಒಟ್ಟಿಗೇ ಉಕ್ಕಿ ಬಂತು.

"ಏನವ್ವ ನಿಂದು ಹಟ!" ಎಂದು ಕಿರುಚಿಬಿಟ್ಟೆ. "ಮೈ ಸಿಗ್ಲಿಲ್ಲ ಅಂದೆ. ಸಮಾಧಿ ಇಲ್ಲ ಅಂದೆ. ಈಗ ಕಲ್ಲು ನೆಟ್ಟು ಹೆಸ್ರು ಬರೆದವ್ರೆ, ಇನ್ನೇನ್ ಬೇಕು ನಿಂಗೆ? ಅವ್ನು ಬರಲ್ಲ ಕಣವ್ವ! ಸತ್ತೋಗವ್ನೆ! ಹೊನ್ನೇಶ ಸತ್ತೋಗವ್ನೆ!"

ಆ ಮಾತನ್ನು ನಾನು ಅದುವರೆಗೆ ಬಾಯಿಬಿಟ್ಟು ಆಡಿರಲಿಲ್ಲ. ಹೋದ, ಇಲ್ಲ, ಹಾಗಾಯಿತು ಎನ್ನುತ್ತಿದ್ದೆವು, ಅಷ್ಟೇ. ಬಸವರಾಜಪ್ಪನವರು ಮೈಕಿನ ಬಟನ್ ಹುಡುಕಿ ಆಫ್ ಮಾಡಿದರು. ಅವ್ವ ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬದಲಿಗೆ ನನ್ನನ್ನೇ ಸಿಟ್ಟಿನಿಂದ ನೋಡಿದಳು.

"ನಂಗೊತ್ತಿಲ್ಲ ಅಂದ್ಕೊಂಡ್ಯಾ? ಆ ಮಿಲ್ಟ್ರಿ ಜೀಪು ನಮ್ಮ ಬೀದಿಗೆ ತಿರುಗಿದಾಗ್ಲೇ ಗೊತ್ತಾಯ್ತು. ನಿಮ್ಗೆಲ್ಲ ಆಮೇಲೆ ಗೊತ್ತಾಗಿದ್ದು."

"ಮತ್ತೆ ಎಡೆ ಯಾಕೆ ಇಡ್ತಿರ್ಲಿಲ್ಲ?"

"ಎಡೆ ಇಟ್ಮೇಲೆ ಅಡ್ಡಬೀಳ್ಬೇಕಲ್ವೇನೇ?" ಎಂದಳು ಅವ್ವ. "ನಿಮ್ಮಪ್ಪಂಗೆ ಬಿದ್ದೆ. ನಮ್ಮತ್ತೆ ಇದ್ದಷ್ಟು ದಿನ ನನ್ನ ಹುರಿದು ಮುಕ್ಕಿದ್ಲು, ಅವ್ಳಿಗೂ ಬಿದ್ದೆ. ಅವ್ರೆಲ್ಲ ದೊಡ್ಡೋರು, ಬೀಳ್ಬೋದು. ಇವ್ನು ನಾನು ಕುಂಡಿ ತೊಳೆದ ಕೂಸು. ರಜಕ್ಕೆ ಬಂದ್ರೆ ಬೂಟು ಬಿಚ್ಚೋಕೂ ಮುಂಚೆ ಬಾಗಿಲಲ್ಲೇ ನನ್ನ ಕಾಲು ಮುಟ್ತಿದ್ದ. ಅವ್ನ ಮುಂದೆ ನಾನು ಹೆಂಗೆ ಬಗ್ಗಲಿ? ನಾನು ಒಂದ್ಸಲ ಬಗ್ಗಿದ್ರೆ ಮುಗೀತು ಕಣೇ. ಅವ್ನೂ ದೊಡ್ಡೋರ ಸಾಲಲ್ಲಿ ಹೋಗಿ ಕೂತ್ಬಿಡ್ತಾನೆ. ಆಮೇಲೆ ನಂಗೆ ಮಗ ಎಲ್ಲಿ?"

ಅವನು ಹುಟ್ಟಿದಾಗ ನನಗೆ ಏಳು ವರ್ಷ. ಅವ್ವ ಕೂಲಿಗೆ ಹೋದರೆ ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು, ಮೂಗು ಒರೆಸಿದವಳು ನಾನು, ಕದ್ದು ಬೆಲ್ಲ ತಿಂದಾಗ ಬೆನ್ನಿಗೆ ಗುದ್ದಿದವಳು ನಾನು. ಎಡೆ ಇಡು ಇಡು ಎಂದು ಬಡಿದಾಡಿದೆನೇ ಹೊರತು, ಇಟ್ಟ ಮೇಲೆ ಅವನ ಮುಂದೆ ಹಣೆ ನೆಲಕ್ಕೆ ಹಚ್ಚಬೇಕೆಂಬುದು ನನ್ನ ತಲೆಗೇ ಬಂದಿರಲಿಲ್ಲ.

"ಇಷ್ಟ್ ವರ್ಷ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?" ಎಂದೆ. ದನಿಯಲ್ಲಿ ಇನ್ನೂ ಸಿಟ್ಟಿತ್ತು, ಏನು ಮಾಡಲಿ.

"ನೀನು ಕೇಳಿದ್ಯಾ? ಬಂದೋಳೇ ಶುರು ಮಾಡ್ತಿದ್ದೆ, ಕೂಗಾಡಕ್ಕೆ."

"ಹಂಗಾರೆ ಅವ್ನು ಹಸ್ಕೊಂಡೇ ಇರ್ಬೇಕಾ ಅವ್ವ?" ಎನ್ನುವಾಗ ನನಗೆ ಅಳು ಬಂದೇಬಿಟ್ಟಿತು. ಎಲ್ಲರೆದುರು, ಮೂಗು ಕೆಂಪು ಮಾಡಿಕೊಂಡು, ಹತ್ತು ವರ್ಷದ ಹುಡುಗಿಯ ಹಾಗೆ ಅತ್ತೆ.

ಅವ್ವ ತನಗೆ ಹೊದಿಸಿದ್ದ ಶಾಲು ತೆಗೆದು ನನ್ನ ಹೆಗಲಿಗೆ ಹಾಕಿ, ಕಲ್ಲಿನ ಪಕ್ಕ ನೆಲದ ಮೇಲೆ ಕಾಲು ನೀಡಿ ಕೂತಳು.

"ತತ್ತಾ ಆ ಕ್ಯಾರಿಯರ್ರ."

ನಾನು ಅವಸರದಿಂದ ಬಾಳೆ ಎಲೆ ಬಿಡಿಸಲು ಹೋದೆ.

"ಎಲೆ ಬ್ಯಾಡ ಕಣೇ. ಎಲೆ ಹಾಕಿದ್ರೆ ಎಡೆ ಆಗುತ್ತೆ. ಊದುಬತ್ತೀನೂ ಬ್ಯಾಡ. ಹಸಿದ ಮಗೀಗೆ ಯಾರಾದ್ರೂ ಊದುಬತ್ತಿ ಹಚ್ತಾರಾ?"

ಅವ್ವ ಬಾಟಲಿಯ ನೀರಿನಲ್ಲಿ ಕೈ ತೊಳೆದು ಮುದ್ದೆ ಮುರಿದಳು. ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಜೊತೆಗೊಂದು ಚೂರು ಕೋಳಿ ಲಿವರ್ ಇಟ್ಟಳು. ಅಷ್ಟರಲ್ಲಿ ವಿಷಲ್ ಕೇಳಿಸಿತು. ಗಿರಿಜಾ ಮೀಸೆಯವನು ಹುಲ್ಲಿನ ಮೇಲೆ ಓಡಿ ಬರುತ್ತಿದ್ದ.

"ಏಯ್ ಅಜ್ಜಿ! ಇಲ್ಲಿ ಬಿಚ್ಬೇಡಿ ಅಂದಿದ್ನಲ್ಲ! ಕಲ್ಲಿನ ಹತ್ರ ಮಾಂಸ ಇಡ್ತಾರಾ? ಎತ್ತಿ, ಎತ್ತಿ!"

ನಾನು ಎದ್ದು ಅಡ್ಡ ನಿಂತೆ. ಕಣ್ಣು ಮೂಗೆಲ್ಲ ನೀರು, ಹೆಗಲ ಮೇಲೆ ಸನ್ಮಾನದ ಶಾಲು. "ಒಂದ್ ಹೆಜ್ಜೆ ಮುಂದಕ್ಕಿಟ್ರೆ ನೋಡು!" ಎಂದೆ. "ನಿನ್ನ ವಿಷಲ್ ಕಿತ್ತು ಆ ಕಾರಂಜಿಗೆ ಬಿಸಾಕ್ತೀನಿ. ಫೋಟೋಕ್ಕೆ ಬಂದೋರು ಕಲ್ಲಿನ ಮೇಲೆ ಬಟ್ಟೆ ಹರವಿದ್ರಲ್ಲ, ಆಗ ಊದಿದ್ಯಾ? ಮಕ್ಳು ಟ್ಯಾಂಕ್ ಹತ್ತಿ ಕುಣೀತಾವಲ್ಲ, ಅದಕ್ಕೆ ಊದಿದ್ಯಾ? ಹೆತ್ತೋಳು ಮಗಂಗೆ ಒಂದ್ ತುತ್ತು ಕೊಟ್ರೆ ಊದ್ತೀಯಾ? ಅವ್ನು ತಿಂದಿದ್ದು ಹದ್ಮೂರು ವರ್ಷದ ಹಿಂದೆ ಕಣೋ!"

ಗಾರ್ಡು ಬಸವರಾಜಪ್ಪನವರ ಮುಖ ನೋಡಿದ. ಅವರು ಹೋಗು ಎಂಬಂತೆ ಕೈ ಮಾಡಿದರು. ಕ್ಯಾಮೆರಾದವರನ್ನೂ ಆಚೆ ಕಳಿಸಿದರು. ತಾವು ಮಾತ್ರ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ದೂರದಲ್ಲಿ ನಿಂತರು.

ನನ್ನ ಹಿಂದೆ ಅವ್ವ ಮಾತಾಡುತ್ತಿದ್ದಳು, ನನ್ನ ಜೊತೆಗಲ್ಲ. ತಿರುಗಿ ನೋಡಿದೆ. ಎಡಗೈಯಲ್ಲಿ ಕಲ್ಲಿನ ಬೆನ್ನು ಹಿಡಿದು, ಹೆಸರು ಕೆತ್ತಿದ ಕಡೆಯ ಬುಡದಲ್ಲಿ ತುತ್ತು ಇಡುತ್ತಿದ್ದಳು. ಕೈ ಬೇಗ ತೆಗೆಯಲಿಲ್ಲ, ಮಗು ನುಂಗುವವರೆಗೆ ತಾಯಿ ಕಾಯುವ ಹಾಗೆ ಕಾದಳು.

"ಉಣ್ಣಪ್ಪ. ಬಸ್ಸಲ್ಲಿ ಬಂದು ಸಾರು ಆರೋಯ್ತು, ಬಯ್ಕೊಬೇಡ. ಅಲ್ಲಿ ಬರೇ ಥಂಡಿ ಅಂತಿದ್ದೆ. ಬಿಸಿಬಿಸೀದೇ ಕೊಡಣ ಅಂತ ಕೋಳಿ ಕೂಗೋ ಹೊತ್ಗೆ ಎದ್ದು ಮಾಡ್ದೆ. ನಿಮ್ಮಕ್ಕ ಊರೆಲ್ಲ ಸುತ್ತಿಸಿದ್ಲು."

ಊರೆಲ್ಲ ಸುತ್ತಿಸಿದವಳು ನಾನಂತೆ! ಕಲ್ಲುಕಲ್ಲಿಗೂ ನಿಂತವಳು ಇವಳು, ಗಿಡಗಿಡಕ್ಕೂ ನಿಂತವಳು ಇವಳು. ತಮ್ಮನೆದುರು ನನ್ನ ಮೇಲೆ ಚಾಡಿ ಹೇಳುವುದನ್ನು ಇವಳು ಇನ್ನೂ ಬಿಟ್ಟಿಲ್ಲ. ಹೇಳಬೇಕೆಂದು ಬಾಯಿ ತೆರೆದೆ.

ತೆರೆದ ಬಾಯಿಗೆ ಅವ್ವ ಎರಡನೇ ತುತ್ತು ತುರುಕಿದಳು.

"ನೀನೂ ಉಣ್ಣು. ಬೆಳಿಗ್ಗೆಯಿಂದ ಬರೇ ಹೊಟ್ಟೇಲಿ ಅರಚ್ತಾ ಇದೀಯ" ಎಂದಳು. ಆಮೇಲೆ ಸಾರಿನ ಕೈಯಿಂದಲೇ ನನ್ನ ಗಲ್ಲ ಒರೆಸಿ, ಮೂರನೆಯ ತುತ್ತಿಗೆ ಮುದ್ದೆ ಮುರಿಯುತ್ತ, ಅವನಿಗೊಂದು ನನಗೊಂದು ಕೊಡುತ್ತಾ ಹೋದಳು.